ನವರಾತ್ರಿಯ ಫಳಾರ, ಅರವತ್ತೇಳೂವರೆ ಕಿಲೊ

ಮದುವೆಯಾದ ಮರುವರ್ಷದ ನವರಾತ್ರಿಯಲ್ಲಿ ನಮ್ಮ ಮನೆಯೊಳಗೆ ಯಾರೂ ನೆಟ್ಟಗೆ ಕುಳಿತದ್ದು ನನಗೆ ನೆನಪಿಲ್ಲ. ನಮ್ಮ ಯಜಮಾನರು ಭಾರ ಎತ್ತುವವರು. ಹಗಲು ಕಚೇರಿಯ ಕುರ್ಚಿ, ಸಂಜೆ ಹುಬ್ಬಳ್ಳಿಯ ಗರಡಿಮನೆಯಲ್ಲಿ ಕಬ್ಬಿಣದ ಸರಳು. ಆ ರವಿವಾರ ಧಾರವಾಡದಲ್ಲಿ ರಾಜ್ಯದ ತಂಡಕ್ಕೆ ಆಯ್ಕೆಯಿತ್ತು. ಅಲ್ಲಿ ಎತ್ತುವ ಮೊದಲು ಎತ್ತುವವರನ್ನೇ ತೂಗುತ್ತಾರೆ. ಇವರ ವರ್ಗದ ಮಿತಿ ಅರವತ್ತೇಳೂವರೆ ಕಿಲೊ. ಒಂದಿಷ್ಟು ಹೆಚ್ಚಾದರೂ ಮೇಲಿನ ವರ್ಗದ ಗೂಳಿಗಳಂಥವರ ನಡುವೆ ನಿಲ್ಲಬೇಕು. ಅಲ್ಲಿ ಇವರು ಎತ್ತುವುದು ಲೆಕ್ಕಕ್ಕೇ ಬರುವುದಿಲ್ಲ. ಇವರು ಆಗ ಅರವತ್ತೊಂಬತ್ತು ದಾಟಿದ್ದರು.

ತೂಕ ನೋಡಿಕೊಳ್ಳುತ್ತಿದ್ದದ್ದು ಹತ್ತಿಯ ಅಡತಿ ಅಂಗಡಿಯಲ್ಲಿ, ಹತ್ತಿಯ ಮೂಟೆ ತೂಗುವ ದೊಡ್ಡ ತಕ್ಕಡಿ, ಕಾಟಾದ ಮೇಲೆ. ಮನೆಗೆ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ನನಗೆ ತೂಕ ತಿಳಿಯುತ್ತಿತ್ತು.

"ಮಾಂಸ ಕರಗಬಾರದು, ನೀರು ಇಳೀಬೇಕು" ಎಂದಿದ್ದರಂತೆ ಗರಡಿಯ ಉಸ್ತಾದರು. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ ಎಂದು ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ಹೇಳಿಕೊಟ್ಟದ್ದು ನನಗೆ ನೆನಪಾಯಿತು. ಇವರ ಪಲ್ಯವನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದಿಟ್ಟೆ. ಬೇಳೆ, ಹಾಲು ಬಿಡಿಸಲಿಲ್ಲ; ತುಪ್ಪ ನಿಲ್ಲಿಸಿದೆ, ರೊಟ್ಟಿ ಅರ್ಧ ಮಾಡಿದೆ. ಆದರೆ ಅತ್ತೆಯವರಿದ್ದರಲ್ಲ! ಅವರ ಪಾಲಿಗೆ ಭಾರ ಎತ್ತುವ ಮಗನೆಂದರೆ ಹೊಟ್ಟೆ ತುಂಬ ತಿನ್ನುವ ಮಗ.

"ಕಬ್ಬಿಣಾ ಎತ್ತೋ ಹುಡುಗಗ ಅರ್ಧಾ ರೊಟ್ಟಿ! ನಿಮ್ಮ ಸಿಸ್ಟರು ಇದನ್ನ ಕಲಿಸ್ಯಾರೇನವಾ, ಗಂಡನ್ನ ಉಪವಾಸ ಕೆಡವೂದು?"

ಉಪವಾಸ ಎಂಬ ಮಾತು ಕೇಳಿದ್ದೇ ಇವರ ಮುಖ ಅರಳಿತು. "ಖರೇ ಅವ್ವಾ, ನವರಾತ್ರಿ ಉಪವಾಸಾ ಹಿಡದೇನಿ" ಎಂದು ನನ್ನತ್ತ ಹುಬ್ಬು ಹಾರಿಸಿದರು. ದೇವಿಯ ಹೆಸರಿನಲ್ಲಾದರೆ ಅವ್ವ ಒತ್ತಾಯ ಮಾಡಲಾರಳು ಎಂಬುದು ಇವರ ಎಣಿಕೆ.

ನಮ್ಮ ಮನೆಯ ಉಪವಾಸವೆಂದರೆ ಅನ್ನ, ರೊಟ್ಟಿ ಇಲ್ಲ, ಅಷ್ಟೇ. ಮರುದಿನ ಬೆಳಿಗ್ಗೆ ಶೇಂಗಾಪುಡಿ ಉದುರಿಸಿದ, ತುಪ್ಪ ಜಿನುಗುವ ಸಾಬೂದಾಣಿ ಖಿಚಡಿ ಅತ್ತೆಯವರ ಕೈಯಿಂದ ಬಂತು. ಮಧ್ಯಾಹ್ನ ಬಾಳೆಹಣ್ಣಿನ ಶಿಕರಣಿ. ಸಂಜೆ ಬೆಲ್ಲದ ಶೇಂಗಾ ಉಂಡಿ. ದೇವಿಗೆ ತೋರಿಸಿದ ಈ ಉಪವಾಸದ ಫಳಾರವನ್ನು ಒಲ್ಲೆ ಎನ್ನುವಂತಿಲ್ಲ. ಎರಡು ದಿನ ಬಿಟ್ಟು ಕಾಟಾ ಹತ್ತಿ ಬಂದವರು ಚಪ್ಪಲಿ ಬಿಡದೆ ಅಂಗಳದಲ್ಲೇ ತಿರುಗತೊಡಗಿದರು.

"ಉಪವಾಸಾ ಮಾಡಿ ದಪ್ಪ ಆದಾಂವ ಈ ಊರಾಗ ನಾ ಒಬ್ಬನ."

"ಬಿಟ್ಟಬಿಡ್ರಿ ಹಂಗಾರ" ಎಂದೆ.

"ನಡುವ ಮುರದ್ರ ಅವ್ವ ಅಳತಾಳ."

ಅಲ್ಲಿಂದ ಮುಂದೆ ಇವರ ತಟ್ಟೆಯ ಖಿಚಡಿ ಅತ್ತೆಯವರು ಅತ್ತ ತಿರುಗಿದಾಗ ನನ್ನ ತಟ್ಟೆಗೆ ಬರತೊಡಗಿತು. ನನ್ನ ಕುಪ್ಪಸದ ತೋಳು ಬಿಗಿಯಾದದ್ದನ್ನು ಕಂಡು ಅವರು "ಏನರ ವಿಶೇಷ ಐತೇನವಾ?" ಎಂದು ಮೆಲ್ಲಗೆ ಕೇಳಿದರು. ಇವರು ಬೆವರಿಳಿಸಲು ಸ್ವೆಟರಿನ ಮೇಲೆ ಕಂಬಳಿ ಹೊದ್ದು ನಸುಕಿನಲ್ಲೇ ಉಣಕಲ್ ಕೆರೆಯವರೆಗೆ ಓಡಿ ಬರುವರು. ಕೆನ್ನೆ ಒಳಕ್ಕೆ ಹೋಗಿ, ಬೆರಳಿನ ಉಂಗುರ ಸಡಿಲಾಗಿ, ಅದನ್ನೇ ತಿರುವುತ್ತ ಅಡುಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆರೆದು ಮುಚ್ಚಿ ಹೋಗುವರು. ಶನಿವಾರ ನೀರನ್ನೂ ಬಿಟ್ಟು ಲಿಂಬೆಹಣ್ಣಿನ ಹೋಳು ಚೀಪುತ್ತಿದ್ದರು. ನಾನು ಬಚ್ಚಲಮನೆಯಲ್ಲಿ ನಿಂತು, ಲೋಟದ ಸದ್ದಾಗದಂತೆ ನೀರು ಕುಡಿದೆ.

ರವಿವಾರ ಹೊರಡುವಾಗ ಅತ್ತೆಯವರು ಮೊಸರು ಸಕ್ಕರೆ ತಂದರು. ಅದನ್ನು ಬಾಯಿಗೆ ಹಾಕಿಕೊಳ್ಳದೆ ಒಳ್ಳೆಯ ಕೆಲಸಕ್ಕೆ ಹೊಸ್ತಿಲು ದಾಟುವಂತಿಲ್ಲ. ಇವರು ಅಂಗೈಯೊಡ್ಡಿ ಹಾಕಿಸಿಕೊಂಡವರು ಅದನ್ನು ನನ್ನ ಅಂಗೈಗೆ ಸುರಿದರು.

"ಅಕೀ ನನ್ನ ಅರ್ಧಾ ಮೈ ಅಲ್ಲೇನವಾ? ಅಕೀ ತಿಂದ್ರ ನಾ ತಿಂದಂಗ!"

ಆ ದಿನ ಹಾಲು ಉಕ್ಕಿ ಒಲೆ ಆರಿತು. ಅತ್ತೆಯವರು ದೇವರ ಕೋಣೆಗೂ ಬಾಗಿಲಿಗೂ ಓಡಾಡಿದರು. ನಾನು ಕಸ ಹೊಡೆದ ಅಂಗಳವನ್ನೇ ಮತ್ತೆ ಹೊಡೆದೆ. ದೀಪ ಹಚ್ಚುವ ಹೊತ್ತಿಗೆ ಇವರು ಬಂದರು, ತಲೆಗೆ ಟವೆಲ್ಲು ಸುತ್ತಿಕೊಂಡು.

"ಆರಿಸ್ಯಾರವಾ!"

ಅತ್ತೆಯವರು ಕುಂಕುಮ ಹಚ್ಚಲು ಖುಷಿಯಿಂದ ಟವೆಲ್ಲು ಸರಿಸಿದರು. ಬೋಳು ತಲೆ. ಮೀಸೆಯೂ ಇರಲಿಲ್ಲ. ನಮ್ಮಲ್ಲಿ ಗಂಡುಮಗ ಹಾಗೆ ಬೋಳಿಸಿಕೊಳ್ಳುವುದು ತಂದೆಯೋ ತಾಯಿಯೋ ಹೋದಾಗ. ಮಾವನವರು ತೀರಿಕೊಂಡಾಗ ಬಿಟ್ಟರೆ ಅತ್ತೆಯವರು ಆ ತಲೆಯನ್ನು ಬೋಳಾಗಿ ನೋಡಿರಲಿಲ್ಲ. ಕುಂಕುಮದ ಬೆರಳು ಗಾಳಿಯಲ್ಲೇ ನಿಂತಿತು.

"ನಾ ಇನ್ನೂ ಇದ್ದೇನಲ್ಲೋ!"

ಇವರು ಅಲ್ಲೇ ಕುಳಿತು ಹೇಳಿದರು. ತೂಗಿದಾಗ ಮುಳ್ಳು ಸ್ವಲ್ಪ ಮೇಲೆ ನಿಂತಿತಂತೆ. ಮೈದಾನ ಸುತ್ತಿ ಬಂದರೂ ಇನ್ನೂ ಒಂಚೂರು ಉಳಿಯಿತಂತೆ. ಹೊತ್ತು ಮುಗಿಯುತ್ತ ಬಂದಿತ್ತು, ಎದುರಿಗೆ ಕ್ಷೌರಿಕನ ಅಂಗಡಿಯಿತ್ತು. ಕೂದಲು ಇಳಿಸಿದ ಮೇಲೆ ಮುಳ್ಳು ಗೆರೆಗೆ ಬಂತಂತೆ.

"ಏನ ತಿಂದು ಅಷ್ಟು ಹೆಚ್ಚಾತೋ? ಉಪವಾಸಾ ಮಾಡೀದಿ!"

"ಫಳಾರ, ಅವ್ವಾ" ಎಂದರು ನೆಲ ನೋಡುತ್ತ.

ಅತ್ತೆಯವರು ಕೊಬ್ಬರಿ ಎಣ್ಣೆ ತಂದು ಆ ತಲೆಗೆ ಬಹಳ ಹೊತ್ತು ತಿಕ್ಕಿದರು. ಆಮೇಲೆ ಖಿಚಡಿ ಬಡಿಸಿದರು. ಇವರು ಗಬಗಬ ಉಂಡು ಶೇಂಗಾ ಉಂಡಿಯ ಡಬ್ಬಿಗೆ ಕೈ ಚಾಚಿದರು.

"ಮತ್ತ ಯಾವಾಗ ತೂಗತಾರ?" ಅತ್ತೆಯವರು ಕೇಳಿದರು.

"ಬರೋ ತಿಂಗಳಾ, ಬೆಂಗಳೂರಾಗ."

ಡಬ್ಬಿ ಸರಕ್ಕನೆ ಅತ್ತೆಯವರ ಮಡಿಲಿಗೆ ಹೋಯಿತು. "ಸಾಕು. ಆ ತಲಿ ಇನ್ನೊಮ್ಮಿ ನಾ ನೋಡಾಂಗಿಲ್ಲ." ನನ್ನತ್ತ ತಿರುಗಿದರು. "ನಿಮ್ಮ ಸಿಸ್ಟರು ಏನೇನ ಬ್ಯಾಡ ಅಂದಾರ, ಹೇಳವಾ."

"ಮೊದಲ ಉಪ್ಪು, ಅತ್ತಿಯವರ" ಎಂದೆ.

ಉಪ್ಪಿನಕಾಯಿಯ ಭರಣಿಯತ್ತ ಹೊರಟಿದ್ದ ಇವರ ಕೈ ಅರ್ಧ ದಾರಿಯಲ್ಲಿ ನಿಂತು, ಮತ್ತೆ ಉಂಗುರ ತಿರುವತೊಡಗಿತು.