ಸೊಟ್ಟ ಮೂತಿಯ ಬೋಟು ಮತ್ತು ತಾಡಪತ್ರಿ ಕಾಕಾ

ತಾಡಪತ್ರಿ ಕಾಕಾನ ಬಲಗೈ ಹೆಬ್ಬೆರಳಿನ ಉಗುರು ಎಷ್ಟು ದಪ್ಪ ಇತ್ತೆಂದರೆ, ಅದರ ಮೇಲೆ ಬೆಂಕಿಕಡ್ಡಿ ಗೀರಬಹುದಿತ್ತು. ದಬ್ಬಣದ ಹಿಂಬದಿಯನ್ನು ಅದೇ ಉಗುರಿನಿಂದ ದೂಡಿ ದೂಡಿ ಹಾಗಾಗಿತ್ತು. ಉಗುರಿಗೆ ಹೆದರಿ ದಬ್ಬಣ ತಾನಾಗಿಯೇ ತಾಡಪತ್ರಿಯೊಳಗೆ ನುಗ್ಗುತ್ತದೆ ಎಂದು ನಾನು ಕಾಲೇಜಿನಲ್ಲಿ ಹಬ್ಬಿಸಿದ್ದೆ. ಅರ್ಧ ಕ್ಲಾಸು ನೋಡಲು ಬಂದಿತ್ತು.

ಮುದ್ದೇಬಿಹಾಳ ತಾಲೂಕಿನ ನಮ್ಮೂರ ಹೊಲಗಳ ಅಂಚಿಗೆ ಕೃಷ್ಣೆಯ ಹಿನ್ನೀರು ಬಂದು ನಿಂತ ಮೇಲೆ, ಆಚೆ ದಂಡೆಗೆ ಸರಕು ಒಯ್ಯುವ ಬೋಟುಗಳು ಶುರುವಾದವು. ಇಂಡಿ ಊರಿನ ನಿಂಬೆಹಣ್ಣಿನ ಚೀಲ, ಮಸೂತಿ ಹಳ್ಳಿಯ ಉಳ್ಳಾಗಡ್ಡಿ, ಮೋಟರ್ ಸೈಕಲ್ಲು, ಆಡು. ಅವುಗಳ ನಡುವೆ ಜಾಗ ಸಿಕ್ಕರೆ ಮನುಷ್ಯರು. ಸರಕಿಗೆ ಹೊದಿಸುವ ತಾಡಪತ್ರಿ ಹೊಲಿಯುವವನು ಕಾಕಾ. ಸಂಬಂಧದಲ್ಲಿ ನನಗೆ ಏನೂ ಅಲ್ಲ, ಊರಿಗೆಲ್ಲ ಕಾಕಾ.

ಸಂಜೆ ಅವನ ಅಂಗಡಿಯ ಮುಂದೆ ನಾವು ನಾಲ್ಕೈದು ಬೋಟು ಹುಚ್ಚರು ಸೇರುತ್ತಿದ್ದೆವು. ಉಳಿದವರು ಕ್ರಿಕೆಟ್ ಸ್ಕೋರಿಗೆ ಜಗಳಾಡಿದರೆ ನಾವು ಯಾವ ಬೋಟಿಗೆ ಎಂಜಿನ್ ಬದಲಾಯಿತು, ಯಾವುದು ಮಾರಾಟವಾಯಿತು ಎಂಬುದಕ್ಕೆ. ಆಚೆ ದಂಡೆಯ ಸುದ್ದಿಯನ್ನು ಎಸ್‌ಟಿಡಿ ಬೂತಿನವನು ಕೂಗಿ ಹೇಳುತ್ತಿದ್ದ. ಬೋಟು ಕೈ ಬದಲಾದಾಗಲೆಲ್ಲ ಅದರ ಹೆಸರೂ ಬದಲಾಗುತ್ತಿದ್ದುದರಿಂದ ಕಾಕಾ ಹೆಸರನ್ನು ನಂಬುತ್ತಿರಲಿಲ್ಲ. ಹೊಲಿದ ಪ್ರತಿ ತಾಡಪತ್ರಿಯ ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬೋಟನ್ನು ಅಳತೆಯಿಂದಲೇ ಗುರುತಿಸುತ್ತಿದ್ದ.

"ನಿನ್ನೆ ಬಂದ ಬೋಟಿನ್ಯಾಗ ಇನ್ನೂರ ಆಡು ಇದ್ವು, ಕಾಕಾ," ಎಂದೆ ಒಮ್ಮೆ.

"ಎಣಿಸಿದ್ಯೇನು?"

"ಅಂದಾಜ ರೀ."

"ಆ ಬೋಟಿನ್ಯಾಗ ಹದಿನೆಂಟರ ಮ್ಯಾಲೆ ಒಂದ ಆಡು ನಿಂತ್ರ ನನ್ನ ಮೀಸಿ ಬೋಳಿಸ್ತೇನಿ. ಮಗನ, ಮೊದಲ ನಿನ್ನ ಬಾಯಿಗೊಂದು ತಾಡಪತ್ರಿ ಹೊಲೀಬೇಕ ನೋಡು."

ಕಳೆದ ಮಳೆಗಾಲ ಮುಗಿದ ಮೇಲೆ ಗುತ್ತಿಗೆದಾರನೊಬ್ಬ ಹೊಸ ಕಬ್ಬಿಣದ ಬೋಟು ತಂದ. ಹಸಿರು ಬಣ್ಣ, ಬಾಜಾ, ತೆಂಗಿನಕಾಯಿ, ಪೇಢೆ. ಅಳತೆ ತೆಗೆಯಲು ಕಾಕಾ ಹತ್ತಿದ. ಉದ್ದ ಅಳೆದ, ಅಗಲ ಅಳೆದ, ಮೂತಿಯನ್ನು ಎರಡು ಸಲ ಅಳೆದ. ನೋಟ್‌ಬುಕ್ಕು ತೆಗೆದು ನೋಡಿದ. ಮೂತಿಯ ಎಡಬದಿ ಬಲಬದಿಗಿಂತ ನಾಲ್ಕು ಬೆರಳು ಗಿಡ್ಡ. ಅಂಥ ಬೋಟು ಅವನ ಪುಸ್ತಕದಲ್ಲಿ ಒಂದೇ ಇತ್ತು: ತಳದ ತಗಡು ತುಕ್ಕು ತಿಂದಿದೆಯೆಂದು ಮೂರು ವರ್ಷಗಳ ಹಿಂದೆ ಆಚೆ ದಂಡೆಯಲ್ಲಿ ಮೂಲೆಗೆ ಎಳೆದು ಹಾಕಿದ್ದು.

"ಸಾಹುಕಾರ, ಇದು ಹಳೇ ಬೋಟ್ ಐತಿ. ತಳಾ ಬದಲ ಮಾಡೀರೇನು?"

"ಕಾಕಾ, ನಿನ್ನ ಹೊದಿಕಿ ಹೊಲಿಯಾಕ ಕರದೇನಿ. ತಳಾ ನೋಡಾಕಲ್ಲ," ಎಂದ ಗುತ್ತಿಗೆದಾರ.

"ಇಂಥಾ ಬೋಟಿಗೆ ಹೊದಿಕಿ ಅಂದ್ರ ಹೆಣಕ್ಕ ಹೊದಿಸಿದಂಗ. ನಾ ಹೊಲಿಯಂಗಿಲ್ಲ."

ಗುತ್ತಿಗೆದಾರ ನಕ್ಕು, ವಿಜಾಪುರದಿಂದ ರೆಡಿಮೇಡ್ ತಾಡಪತ್ರಿ ತರಿಸಿದ.

ಮರುದಿನ ಆಚೆ ದಂಡೆಯಲ್ಲಿ ಸಂತೆ, ಬಸ್ಸಿಳಿದವರೆಲ್ಲ ಬೋಟಿಗೇ ಬರುವವರು. ಸಕ್ಕರೆ ಕಾಯಿಲೆಯಿಂದ ಕಾಕಾನ ಕಾಲು ಮರಗಟ್ಟಿತ್ತು, ಹೆಚ್ಚು ನಡೆಯಲಾಗುತ್ತಿರಲಿಲ್ಲ. ನನ್ನನ್ನು ಕರೆದ.

"ಬಸ್ ಸ್ಟ್ಯಾಂಡಿಗೆ ಹೋಗಿ ಹೇಳು. ಬೋಟ್ ಹಳೇದು, ತಳಾ ಸವದೈತಿ, ಹತ್ತಬ್ಯಾಡ್ರಿ. ಇಷ್ಟ ಹೇಳು. ಬಾಲಾ ಹಚ್ಚಬ್ಯಾಡ."

ಹಚ್ಚಿದೆ. ಐವತ್ತು ಮಂದಿ ನನ್ನ ಬಾಯಿ ನೋಡುತ್ತ ನಿಂತಾಗ ಬಾಲವಿಲ್ಲದ ಮಾತು ನನಗೆ ಬರುವುದಿಲ್ಲ.

"ತಳದಾಗ ಎಷ್ಟ ದೊಡ್ಡ ತೂತ ಅದಾವ ಅಂದ್ರ, ಮೀನ ಒಳಗ ಬಂದು ಟಿಕೇಟ್ ಕೇಳಾಕತ್ತಾವ! ಸಾಹುಕಾರ್ರು ತೂತಿಗೆ ರೊಟ್ಟಿ ಹಿಟ್ಟ ಮೆತ್ಯಾರ!"

ಬಸ್ ಸ್ಟ್ಯಾಂಡು ಬಿದ್ದು ಬಿದ್ದು ನಕ್ಕಿತು. ನಿಂಬೆಹಣ್ಣಿನ ವ್ಯಾಪಾರಿಯೊಬ್ಬ ಕಣ್ಣೊರೆಸಿಕೊಳ್ಳುತ್ತ, "ಇನ್ನೊಂದ ಹೇಳಲೇ," ಎಂದ. ಇನ್ನೊಂದು ಹೇಳಿದೆ. ಆಮೇಲೆ ನಕ್ಕವರೆಲ್ಲ ಮೀನು ನೋಡೋಣ ಬರ್ರಿ ಎಂದು ಒಬ್ಬರನ್ನೊಬ್ಬರು ಕರೆದುಕೊಂಡು ಹೋಗಿ ಅದೇ ಬೋಟು ಹತ್ತಿದರು.

ಕಾಕಾ ಕುಂಟುತ್ತ ದಂಡೆಗೆ ಬಂದ. "ಏನಂತ ಹೇಳಿದಿ?" ಎಂದ. ಹೇಳಿದೆ. ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅಂಗಡಿಯಿಂದ ತಾಡಪತ್ರಿಯ ಒಂದು ಸುರುಳಿ ತರಿಸಿ, "ಇಳೀರಿ, ಇಳೀರಿ" ಎಂದು ಕೂಗಿದ. ಯಾರೂ ಇಳಿಯದಿದ್ದಾಗ ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ತಾನೇ ಹತ್ತಿದ. ನನ್ನನ್ನು ಮಾತ್ರ ಹತ್ತಗೊಡಲಿಲ್ಲ.

ಆಚೆ ದಂಡೆ ಒಂದು ಕೂಗಿನಷ್ಟು ದೂರ ಇರುವಾಗ ತಳದ ತಗಡು ಬಾಯಿ ಬಿಟ್ಟಿತಂತೆ. ಕಾಕಾ ತಾಡಪತ್ರಿ ತುರುಕಿ, ಎರಡೂ ಕಾಲಿನಿಂದ ಅದನ್ನು ಒತ್ತಿ ನಿಂತ. ಬೋಟು ಹೇಗೋ ಸೊಂಟಮಟ್ಟದ ನೀರಿನ ತನಕ ಹೋಯಿತು. ಎಲ್ಲರೂ ಇಳಿದು ಬದುಕಿದರು, ನಿಂಬೆಹಣ್ಣುಗಳು ತೇಲಿ ಹೋದವು. ತಗಡು ಕಾಕಾನ ಅಂಗಾಲನ್ನು ಸೀಳಿತ್ತು. ಮರಗಟ್ಟಿದ ಕಾಲು, ಅವನಿಗೆ ಗೊತ್ತೇ ಆಗಿರಲಿಲ್ಲ.

ಗಾಯ ಮಾಯಲಿಲ್ಲ, ಕೊಳೆಯಿತು. ಆಸ್ಪತ್ರೆಯಲ್ಲಿ ನಾನು ಗೋಡೆ ನೋಡುತ್ತ ಕೂತಿದ್ದೆ. ಅವನೇ ಮಾತು ತೆಗೆದ.

"ನೀ ಬಾಲಾ ಹಚ್ಚದ ಹೇಳಿದ್ರೂ ಅವರು ಹತ್ತತಿದ್ರೋ ಏನೋ. ಆದ್ರ ನಕ್ಕೋತ ಹತ್ತತಿದ್ದಿಲ್ಲ."

ಇಪ್ಪತ್ತನೆಯ ದಿನ ಹೋದ.

ಮಣ್ಣಿಗೆ ಗುತ್ತಿಗೆದಾರ ಮಾರುದ್ದದ ಹಾರ ತಂದಿದ್ದ. "ಸಕ್ರಿ ಬ್ಯಾನಿ ಇತ್ತಲ್ರಿ, ಏನ್ ಮಾಡೂದು," ಎಂದು ಕಣ್ಣು ಸಣ್ಣ ಮಾಡಿದ. ಕಾಕಾನ ಕಾಲಿನ ಮೇಲೆ ದಂಡೆ ಸೇರಿದವರೇ ಹೌದೌದೆಂದು ತಲೆಯಾಡಿಸಿದರು! ಆ ತಲೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೀರಿಗೆ ನೂಕಬೇಕೆನಿಸಿತು. "ಸಕ್ರಿ ಅಲ್ಲ, ನಿನ್ನ ಬೋಟಿನ ತುಕ್ಕ ಕೊಂದೈತಿ!" ಎಂದು ಚೀರಿದೆ.

"ಶುರು ಮಾಡಿದ ನೋಡಪಾ ಇಂವಾ," ಎಂದ ನಿಂಬೆಹಣ್ಣಿನ ವ್ಯಾಪಾರಿ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹೆಣದ ಮುಂದೆ! ಆ ನಗು ಕಲಿಸಿದವನು ನಾನೇ. ಅದಕ್ಕೇ ಸಿಟ್ಟು ಇನ್ನೂ ಇಳಿದಿಲ್ಲ.

ಈ ಬೇಸಗೆಯಲ್ಲಿ ಎಸ್‌ಟಿಡಿ ಬೂತಿನವನು ಸುದ್ದಿ ತಂದ. ಬಾಗೇವಾಡಿ ತಾಲೂಕಿನ ಒಂದು ದಂಡೆಗೆ ನೀಲಿ ಬಣ್ಣದ ಹೊಸ ಬೋಟು ಬಂದಿದೆ, ಮೂತಿ ಯಾಕೋ ಸೊಟ್ಟ ಇದೆ ಎಂದು. ಬಸ್ಸು ಹಿಡಿದು ಹೋದೆ. ಜನ ಹತ್ತುತ್ತಿದ್ದರು. ಬಾಯಿಗೆ ಹತ್ತು ಬಾಲ ಬಂದವು, ನುಂಗಿದೆ.

"ಬೋಟ್ ಹಳೇದು. ತಳಾ ಸವದೈತಿ. ಹತ್ತಬ್ಯಾಡ್ರಿ."

ಯಾರೂ ನಗಲಿಲ್ಲ. ಯಾರೂ ಇಳಿಯಲೂ ಇಲ್ಲ. ಬೋಟಿನೊಳಗೆ ಆಡಿನ ಮರಿ ಎತ್ತಿಕೊಂಡು ನಿಂತಿದ್ದ ಒಬ್ಬ ಹೆಂಗಸು ಮಾತ್ರ ನನ್ನ ಮುಖವನ್ನೇ ನೋಡಿದಳು.

"ಖರೇನ ಹೇಳ್ತಿ ಏನೋ ತಮ್ಮಾ?"

"ಖರೇನ ಯವ್ವಾ. ನಮ್ಮ ಕಾಕಾ ಅಳದಿದ್ದ."

ಅವಳು ಮರಿಯನ್ನು ಎದೆಗೊತ್ತಿಕೊಂಡು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ನೀರಿಗೆ ಇಳಿದು ದಂಡೆಯ ಕಡೆ ನಡೆದು ಬಂದಳು.