ದೀಪದ ಅಂಗಡಿಯಾಕೆ

ಹುಮನಾಬಾದಿನಲ್ಲಿ ಉಡುಗೊರೆ ಅಂಗಡಿ ಇಟ್ಟಿದ್ದ ಒಬ್ಬಾಕೆ ಹೊಸ ವಿನ್ಯಾಸದ ಮೇಜುದೀಪ, ಹೂದಾನಿಗಳನ್ನಷ್ಟೇ ತರಿಸುತ್ತಿದ್ದರು. ಉಡುಗೊರೆಯ ಮೇಲೆ ಕೊಟ್ಟವರ ಹೆಸರು ಕೆತ್ತಿಸುವುದು ನಮ್ಮ ಕಡೆಯ ಪದ್ಧತಿ. ಆಕೆ ಮಾತ್ರ ದೀಪವನ್ನು ಬೋರಲು ಹಾಕಿ, ತಳಕ್ಕೆ ಬೆರಳಿಟ್ಟು ಗಿರಾಕಿಗಳಿಗೆ ತೋರಿಸುತ್ತಿದ್ದರು: “ಹೆಸರು ತಳದಾಗ ಇರಲ್ರಿ.”

ಒಮ್ಮೆ ಬಸವಕಲ್ಯಾಣದ ವ್ಯಾಪಾರಿಯೊಬ್ಬರು ಒಂದು ದೀಪ ಕೈಗೆತ್ತಿಕೊಂಡು ನೋಡಿ, ಮಗಳ ಮದುವೆಗೆ ಬರುವವರಿಗೆ ಹಂಚಲು ಅಂಥವು ನೂರು ಕೇಳಿದರು. ಅಂಗಡಿ ತೆರೆದ ಮೇಲೆ ಅಷ್ಟು ದೊಡ್ಡ ಆರ್ಡರ್ ಬಂದಿರಲಿಲ್ಲ.

“ನನ್ನ ಹೆಸರು ಮುಂದ ದೊಡ್ಡದಾಗಿ ಹಾಕು ತಂಗಿ. ಇಲ್ಲಂದ್ರ ಕೊಟ್ಟಾವ ಯಾರಂತ ಹ್ಯಾಂಗ ಗೊತ್ತಾಗಬೇಕು?”

“ದೀಪ ಚಂದ ಇದ್ರ ನೋಡಿದವರೇ ಕೇಳ್ತಾರ್ರಿ ಅಣ್ಣಾರ. ಮುಂದ ಹೆಸರಿದ್ರ ಮಂದಿ ಅಟ್ಟಕ್ಕ ಹಾಕ್ತಾರ.”

“ಹಂಗಾದ್ರ ಬ್ಯಾರೆ ಅಂಗಡಿ ನೋಡ್ತೀನಿ.”

“ನೋಡ್ರಿ. ಚಾ ಕುಡದು ಹೋಗ್ರಿ.”

ಅವರು ಚಹಾ ಮುಗಿಸಿ ಎದ್ದುಹೋದರು. ದೀಪದ ಮೇಲೆ ಉಳಿದಿದ್ದ ಅವರ ಬೆರಳಚ್ಚನ್ನು ಆಕೆ ಸೆರಗಿನಿಂದ ಒರೆಸಿ, ದೀಪವನ್ನು ಬೀದಿಗೆ ಕಾಣುವ ಹಾಗೆ ಇಟ್ಟರು.