ವೈನಿ ಡಬ್ಬಿಗೆ ಇಟ್ಟ ಪರೀಕ್ಷೆ

ಹೋದ ವಾರ ನಾಗಪುರದ ಬಜಾಜ್ ನಗರದ ನಮ್ಮ ಮನೆಗೆ ಹೊಸ ಮಿಕ್ಸರ್ ಬಂತು. ಪೆಟ್ಟಿಗೆ ಬಿಚ್ಚಿದೊಡನೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ನಿಮಗೂ ಗೊತ್ತಿರುತ್ತದೆ. ನನಗೆ ಅದರಿಂದ ಚಟ್ನಿ ನೆನಪಾಗಲಿಲ್ಲ. ಊರಾಚೆಯ ಕನ್ಹಾನಿನಲ್ಲಿರುವ ನಮ್ಮ ವೈನಿ ನೆನಪಾದರು. ಎರಡು ವರ್ಷದ ಹಿಂದೆ ಅವರು ಇದೇ ವಾಸನೆಯ ಒಂದು ಇಂಟರ್ನೆಟ್ ಡಬ್ಬಿಯನ್ನು ಮೂರು ದಿನ ಗೋಳು ಹೊಯ್ದುಕೊಂಡದ್ದು ನೆನಪಾಯಿತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಗದಗಿನ ಕಡೆಯವರು, ಮದುವೆಗೆ ಮುಂಚೆ ಕನ್ನಡ ಶಾಲೆಯಲ್ಲಿ ಕಲಿಸಿದವರು. ನಾನಿನ್ನೂ ಚಡ್ಡಿ ಹಾಕುತ್ತಿದ್ದಾಗ ನಮ್ಮ ಮನೆ ತುಂಬಿದರು. ಹೀಗಾಗಿ ನಾನು ನಿವೃತ್ತನಾದರೂ ಅವರಿಗೆ ಏಕವಚನದವನೇ. ಅಣ್ಣನ ಕಾರ್ಖಾನೆಯ ನೌಕರಿಯಿಂದಾಗಿ ನಾಗಪುರದ ಸೀಮೆಗೆ ಬಂದ ಮೇಲೆ ಅವರು ಅಲ್ಲಿಯ ಕನ್ನಡ ಮನೆಗಳ ಮಕ್ಕಳಿಗೆ ಅಕ್ಷರ ಕಲಿಸುತ್ತ ಬಂದರು. ವರ್ಷಗಳು ಕಳೆದಂತೆ ಮಕ್ಕಳು ಕಡಿಮೆಯಾದರು. ಕೊನೆಗೆ ಉಳಿದದ್ದು ಒಬ್ಬಳೇ ವಿದ್ಯಾರ್ಥಿನಿ, ಅವಳಿಗೂ ಮೂವತ್ತೆರಡು ವಯಸ್ಸು.

ಅವಳ ಹೆಸರು ಅಶ್ವಿನಿ. ರೈಲ್ವೆ ನೌಕರನ ಮಗಳು, ಮಿಹಾನ್ ಎಂಬ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಕೆಲಸ. ಕನ್ನಡ ಮಾತಾಡುತ್ತಿದ್ದಳು, ಆದರೆ ಮರಾಠಿ ಶಾಲೆಯಲ್ಲಿ ಕಲಿತದ್ದರಿಂದ ಓದಲು ಬರುತ್ತಿರಲಿಲ್ಲ. ಅವಳ ಅಪ್ಪ ದೂರದ ಸ್ಟೇಷನ್ನುಗಳಲ್ಲಿದ್ದಾಗ ಅವ್ವನಿಗೆ ಬರೆದ ಕಾಗದಗಳು ಒಂದು ಚೀಲದ ತುಂಬ ಇದ್ದವು. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಆ ಕಾಗದಗಳನ್ನು ಓದಬೇಕೆಂಬುದು ಅವಳ ಹಟ. ಮಿಹಾನ್ ಊರಿನ ಒಂದು ತುದಿಗೆ, ಕನ್ಹಾನ್ ಇನ್ನೊಂದು ತುದಿಯ ಆಚೆಗೆ. ಆದ್ದರಿಂದ ಪಾಠವೆಲ್ಲ ವಿಡಿಯೋ ಕರೆಯ ಮೇಲೆ.

ವೈನಿಯ ಮನೆ ನೆಲಮಹಡಿ, ಗೋಡೆ ದಪ್ಪ. ಮಾಳಿಗೆಗೆ ಹೋದರೆ ಮಾತ್ರ ಫೋನಿಗೆ ಜೀವ. ನಾಗಪುರದ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಪ್ಪಳ ಒಣಗಿಸಬಹುದು, ಪಾಠ ಹೇಳಲಾಗದು. ಒಳಗೆ ಕೂತರೆ ಅಶ್ವಿನಿಯ ಮುಖ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅಂಥ ಒಂದು ಸಂಜೆ ನಾನೂ ಅಲ್ಲಿದ್ದೆ. ಮರುಕದಿಂದಲೋ ಜಾಣತನ ತೋರಿಸಲೋ ಬಾಯಿ ಹಾಕಿದೆ.

"ಅಶ್ವಿನಿ, ಇಷ್ಟ್ಯಾಕ ತ್ರಾಸು? ಆ ಪತ್ರ ನನ್ನ ಕಡೆ ಕೊಡು. ನಾನs ಓದಿ ಹೇಳ್ತೀನಿ, ಎರಡು ತಾಸಿನ ಕೆಲಸ."

ಅವಳು ಮೆಲ್ಲಗೆ ಹೇಳಿದಳು: "ಕಾಕಾ, ನೀವು ಓದಿದ್ರ ನಿಮ್ಮ ಆವಾಜ್ ಕೇಳಸ್ತದ. ನನಗ ಅಪ್ಪಾನ ಮಾತು ನಾನs ಓದಬೇಕು."

ವೈನಿ ನನ್ನ ಕಡೆ ನೋಡಿದರು. ಆ ನೋಟಕ್ಕೆ ವ್ಯಾಖ್ಯಾನ ಬೇಡ. "ನಾಳೆ ಪೇಟೆಗೆ ಹೋಗೂಣು" ಎಂದಷ್ಟೇ ಹೇಳಿದರು.

ಅಂಗಡಿಯಲ್ಲಿ ನಾನು ತಜ್ಞನ ಹಾಗೆ ನಿಂತೆ. ನನ್ನ ತಜ್ಞತೆಯೆಂದರೆ ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸುವುದು. ಅಂಗಡಿಯವನು ಸಾಬೂನಿನ ಬಿಲ್ಲೆಯಷ್ಟಿದ್ದ ಒಂದು ಡಬ್ಬಿ ತೋರಿಸಿದ. ಅದರೊಳಗೆ ಸಿಮ್ ಹಾಕಿದರೆ ಮನೆಗೆಲ್ಲ ಇಂಟರ್ನೆಟ್ ಅಂತೆ. ವೇಗದ ಲೆಕ್ಕ ಒಪ್ಪಿಸತೊಡಗಿದ. ವೈನಿ ತಡೆದರು.

"ಅದೆಲ್ಲಾ ಇರಲಿ. ಇದರಾಗ ಲ ಮತ್ತ ಳ ಬ್ಯಾರೆ ಬ್ಯಾರೆ ಕೇಳಸ್ತಾವೇನು, ಕೇಳು ಅವಗ."

ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಅವನು ತನ್ನ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಈ ಪ್ರಶ್ನೆ ಕೇಳಿರಲಿಕ್ಕಿಲ್ಲ. "ಕಾಕೂ, ತೀನ್ ದಿನ್ ಚಲಾಕೆ ದೇಖೋ, ಫಿರ್ ಲೇನಾ" ಎಂದು ಡಬ್ಬಿಯನ್ನು ಮೂರು ದಿನ ನಡೆಸಿ ನೋಡಲು ಕೈಗಿಟ್ಟ.

ಪರೀಕ್ಷೆ ಶುರುವಾಯಿತು. ನಾನು ಬಜಾಜ್ ನಗರದ ಮನೆಯಲ್ಲಿ ಪೆನ್ನು ಹಿಡಿದು ಕೂಡಬೇಕು. ವೈನಿ ಕನ್ಹಾನಿನ ಮನೆಯಲ್ಲಿ ಡಬ್ಬಿಯನ್ನು ಒಂದೊಂದು ಕಡೆ ಇಟ್ಟು ಉಕ್ತಲೇಖನ ಹೇಳಬೇಕು. ಹಾಲು, ಹಾಳು. ಬೆಲೆ, ಬೆಳೆ. ಕಲೆ, ಕಳೆ. ದೇವರ ಗೂಡಿನಿಂದ ಬಂದದ್ದು ಬರೇ "ಆ... ಉ". ಅಡಿಗೆಮನೆಯಿಂದ ಹಾಲೆಲ್ಲ ಹಾಳಾಗಿ ಬಂತು. ಕಪಾಟಿನ ಮೇಲೆ, ಹಾಸಿಗೆಗಳ ಒಟ್ಟಿಲ ಮೇಲೆ, ಬಚ್ಚಲ ಬಾಗಿಲಲ್ಲಿ, ಎಲ್ಲ ಕಡೆ ಇಟ್ಟು ನೋಡಿದರು. ಎರಡು ದಿನ ಹೀಗೇ ಹೋಯಿತು.

"ವಾಪಸ್ ಕೊಡೂಣ್ರಿ ವೈನಿ" ಎಂದೆ.

"ಇನ್ನೂ ಒಂದು ದಿನ ಐತಿ" ಎಂದರು.

ಮೂರನೆಯ ದಿನ ಮನೆಯಲ್ಲಿ ಒಂದೇ ಜಾಗ ಉಳಿದಿತ್ತು. ಪೂರ್ವದ ಕಿಟಕಿ. ಅಲ್ಲಿ ನಿವೃತ್ತಿಯ ಮೊದಲ ದಿನದಿಂದ ಅಣ್ಣನ ಕುರ್ಚಿ, ಪೇಪರು, ಚಹಾ. ಆ ಕುರ್ಚಿಯನ್ನು ಸುಣ್ಣ ಬಳಿಯುವವರೂ ಸರಿಸಿದ್ದಿಲ್ಲ. ವೈನಿ ಅಣ್ಣನನ್ನು ಎಬ್ಬಿಸಿದರು. "ಒಂದ್ ಮಿನಿಟು ಏಳ್ರಿ" ಎಂದದ್ದು ನನಗೆ ಫೋನಿನಲ್ಲಿ ಕೇಳಿಸಿತು. ಸ್ವಲ್ಪ ಹೊತ್ತಿಗೆ "ಕಳೆ" ಎಂಬ ಮಾತು, ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ವಚ್ಛವಾಗಿ ಬಂತು. ಹತ್ತಕ್ಕೆ ಹತ್ತೂ ಸರಿ ಬರೆದೆ. ಅಣ್ಣನ ಕುರ್ಚಿ ಅಂದಿನಿಂದ ಪಡಸಾಲೆಗೆ ಹೋಯಿತು. ಅಣ್ಣ ಎರಡು ದಿನ ಮುನಿಸಿಕೊಂಡಿದ್ದ.

ಅದೇ ಸಂಜೆ ವೈನಿ ಅಶ್ವಿನಿಯನ್ನು ಕರೆದು ಒಂದು ಕಾಗದ ಬಿಚ್ಚಲು ಹೇಳಿದರು. ಕೊಳ್ಳುವುದೋ ಬಿಡುವುದೋ ಅದರ ಮೇಲೆ ನಿರ್ಧಾರ. ನಾನೂ ಕರೆಯಲ್ಲಿದ್ದೆ, ತುಟಿ ಬಿಗಿದುಕೊಂಡು. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು.

"ಇಲ್ಲಿ... ಮಳಿ... ಭಾಳ. ಹೊಲಿ ತುಂಬೇದ."

"ಹೊಳಿ," ಎಂದರು ವೈನಿ. "ನದಿ. ಇನ್ನೊಮ್ಮೆ ಓದು."

"ಹೊಳಿ ತುಂಬೇದ. ಅಶ್ವಿನಿಗಿ ಹೊಸಾ ಚಪ್ಪಲಿ... ತಂದೀನಿ. ಅಳತಿ... ಬರೋಬರ್ ಆಕ್ಕೇತೋ ಇಲ್ಲೋ."

ಮುಂದೆ ಅವಳಿಗೆ ಓದಲಾಗಲಿಲ್ಲ. ಕರೆ ಕಡಿದಿತೇನೋ ಎಂದು ನಾನು ನೋಡಿದೆ. ಕಡಿದಿರಲಿಲ್ಲ. ಅವಳು ಕಣ್ಣೊರೆಸಿಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತಿತ್ತು. ವೈನಿ ಕಾಯುತ್ತ ಕೂತರು. ಆಮೇಲೆ ಕೇಳಿದರು, "ಆದುವೇನು, ಚಪ್ಪಲಿ?"

"ದೊಡ್ಡವು ಆಗಿದ್ದವು ಕಾಕೂ. ಹಂಗs ಹಾಕ್ಕೊಂಡ್ ಅಡ್ಡಾಡೇನಿ."

ಮರುದಿನ ಬೆಳಿಗ್ಗೆ ವೈನಿ ಅಂಗಡಿಗೆ ಹೋಗಿ ಡಬ್ಬಿ ಕೊಂಡರು.

ಮಿಕ್ಸರನ್ನು ಹೆಂಡತಿಗೆ ಒಪ್ಪಿಸಿ ನಾನು ಇದನ್ನೆಲ್ಲ ನೆನೆಯುತ್ತಿದ್ದಾಗ ಫೋನಿಗೆ ಅಶ್ವಿನಿಯ ಸಂದೇಶ ಬಂತು, ವೈನಿಗೂ ಅದನ್ನೇ ಕಳಿಸಿದ್ದಳು. ಒಂದು ಪುಟ, ಕೈಬರಹ, ಪೂರ್ತಿ ಕನ್ನಡದಲ್ಲಿ. ಅಪ್ಪನ ಕಾಗದಗಳೆಲ್ಲ ಓದಿ ಮುಗಿದವೆಂದು ಬರೆದಿದ್ದಳು. ಹತ್ತು ನಿಮಿಷಕ್ಕೆ ವೈನಿಯ ಕರೆ.

"ಓದಿದೇನು? ತಪ್ಪು ಎಷ್ಟದಾವ ಹೇಳು."

ನನಗೆ ಮನಸ್ಸು ತುಂಬಿ ಬಂದಿತ್ತು. "ಒಂದೂ ಇಲ್ರಿ" ಎಂದೆ.

"ನಾಕು ಅದಾವ. ಗುರುವಾರದಿಂದ ನೀನೂ ಪಾಠಕ್ಕ ಕೂಡು."

ಹೊಸ ನೋಟುಬುಕ್ಕು ಕೊಂಡಿದ್ದೇನೆ. ನಾಳೆ ಗುರುವಾರ.